ಮೋಲ್ ಪಾಠಕ್ಕೆ ತಕ್ಕಡಿ ಬೇಕು

ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಮೊದಲ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕಾಯಂ: 6 ಗ್ರಾಂ ಯೂರಿಯಾ ಎಂದರೆ ಎಷ್ಟು ಮೋಲ್? ಯೂರಿಯಾದ ಮೋಲಾರ್ ದ್ರವ್ಯರಾಶಿ 60 ಗ್ರಾಂ. ಆರನ್ನು ಅರವತ್ತರಿಂದ ಭಾಗಿಸಿದರೆ 0.1. ಆದರೆ ಗುಣಿಸಿ, 360 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ ಉತ್ತರಗಳು ಪ್ರತಿ ವರ್ಷ ಸಿಗುತ್ತಿದ್ದವು. 360 ಮೋಲ್ ಎಂದರೆ 21.6 ಕೆ.ಜಿ., ಹತ್ತಿರಹತ್ತಿರ ಅರ್ಧ ಚೀಲ ಗೊಬ್ಬರ! ಅಪ್ಪನ ಜೊತೆ ಚೀಲ ಹೊತ್ತು ಗದ್ದೆಗಿಳಿದ ಮಕ್ಕಳೇ ಹಾಗೆ ಬರೆದಿದ್ದರು.

ತಪ್ಪು ಮಕ್ಕಳದಲ್ಲ. ತ್ರಿಕೋನವೊಂದನ್ನು ಬರೆದು, ಯಾವುದನ್ನು ಬೆರಳಿನಿಂದ ಮುಚ್ಚಿದರೆ ಯಾವ ಸೂತ್ರ ಸಿಗುತ್ತದೆಂದು ತೋರಿಸಿ, ಸಿಇಟಿ, ನೀಟ್‌ಗೆ ಇಷ್ಟು ಸಾಕು ಎಂದವರು ನಾವು.

ಒಂದು ವರ್ಷ ತಕ್ಕಡಿಯನ್ನೇ ತರಗತಿಗೆ ತಂದೆ. ಮೇಜಿನ ಮೇಲೆ 18 ಗ್ರಾಂ ನೀರು, 60 ಗ್ರಾಂ ಯೂರಿಯಾ, 342 ಗ್ರಾಂ ಸಕ್ಕರೆ ತೂಗಿಟ್ಟೆವು. ನೀರು ನಾಲ್ಕು ಚಮಚವೂ ಇಲ್ಲ. ಸಕ್ಕರೆಗೆ ದೊಡ್ಡ ಲೋಟವೇ ಬೇಕಾಯಿತು. ಮೂರರಲ್ಲೂ ಅಣುಗಳ ಸಂಖ್ಯೆ ಒಂದೇ, 6.022 × 10²³, ಎಂದಾಗ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು. ಎಣಿಸಲಾಗದ್ದನ್ನು ತೂಗಿ ಎಣಿಸುವ ಉಪಾಯವೇ ಮೋಲ್. ಮನುಷ್ಯನ ಬುದ್ಧಿ ಕಂಡುಕೊಂಡ ಇಂಥ ಸೊಗಸಾದ ಉಪಾಯಗಳು ಕಡಿಮೆ ಎಂದೇ ನಾನು ನಂಬಿದ್ದೇನೆ.

ಆಗ ಒಬ್ಬಳು ಕೇಳಿದಳು: “ಮೇಡಂ, ಚೀಲದ ಮೇಲೆ ಸಾರಜನಕ 46 ಅಂತ ಬರೆದಿರ್ತಾರಲ್ಲ, ಅದು ಇದರಿಂದಲೇ ಬರೋದಾ?” ಅವಳ ಕೈಗೇ ಸೀಮೆಸುಣ್ಣ ಕೊಟ್ಟೆ. ಯೂರಿಯಾದ ಒಂದು ಅಣುವಿನಲ್ಲಿ ಸಾರಜನಕದ ಪರಮಾಣು ಎರಡು. ಒಂದು ಮೋಲ್‌ನಲ್ಲಿ, ಅಂದರೆ 60 ಗ್ರಾಂನಲ್ಲಿ, 28 ಗ್ರಾಂ. ನೂರಕ್ಕೆ 46.7. ಪೂರ್ತಿ ಶುದ್ಧವಲ್ಲದ ಗೊಬ್ಬರಕ್ಕೆ 46 ಸರಿಯೇ. 45 ಕೆ.ಜಿ.ಯ ಚೀಲದಲ್ಲಿ ಬೆಳೆಗೆ ದಕ್ಕಬಹುದಾದ ಸಾರಜನಕ 21 ಕೆ.ಜಿ.ಯೂ ಇಲ್ಲವೆಂದು ಅವಳೇ ಲೆಕ್ಕ ಹಾಕಿದಳು. ಉಳಿದದ್ದೇನು ಎಂದು ಇನ್ನೊಬ್ಬ ಕೇಳಿದ. ಇಂಗಾಲ, ಆಮ್ಲಜನಕ, ಜಲಜನಕಗಳ ಪಾಲು ಹಾಕುತ್ತ ಅವಧಿ ಮುಗಿದದ್ದೇ ತಿಳಿಯಲಿಲ್ಲ.

ಪಠ್ಯ ಮುಗಿಸುವ ಅವಸರ ನನಗೂ ಗೊತ್ತು. ಆದರೂ ಪ್ರಥಮ ಪಿಯು ಮೊದಲ ಅಧ್ಯಾಯಕ್ಕೆ ತಕ್ಕಡಿಯ ಜೊತೆ ಎರಡು ಅವಧಿ ಕೊಡಲೇಬೇಕು. ಪ್ರಶ್ನೆಪತ್ರಿಕೆಯೂ ಬದಲಾಗಲಿ: ಲೆಕ್ಕಕ್ಕೆ ಮೊದಲು, ಉತ್ತರ ಒಂದು ಮೋಲ್‌ಗಿಂತ ಹೆಚ್ಚೋ ಕಡಿಮೆಯೋ, ಯಾಕೆ, ಎಂದು ಒಂದು ವಾಕ್ಯ ಬರೆಸಿ. ಅದಕ್ಕೆ ಒಂದು ಅಂಕ ಕೊಡಿ.