ಉಪ್ಪು, ಸಕ್ಕರೆ ಮತ್ತು ವೈದ್ಯವಿದ್ಯೆಯ ಮೊದಲ ವರ್ಷ

ವೈದ್ಯಕೀಯ ಕಾಲೇಜುಗಳ ಪ್ರವೇಶದ ಯಾದಿ ಹೊರಬೀಳುವ ದಿನಗಳಲ್ಲಿ ನಮ್ಮ ಕಚೇರಿಗೆ ಅಭಿನಂದನೆಯ ಪ್ರಕಟಣೆಗಳು ತಪ್ಪದೆ ಬರುತ್ತವೆ. ಗಲ್ಲಾದ ಮೇಲೆ ಕುಳಿತು ಆಯುಷ್ಯ ಸವೆಸಿದವರ ಮಗನೋ ಮಗಳೋ ಡಾಕ್ಟರಾಗಲು ಹೊರಟ ಸುದ್ದಿಯನ್ನು ಅಚ್ಚು ಹಾಕುವುದು ನಮಗೂ ಸಂತೋಷದ ಕೆಲಸವೇ. ಆದರೆ ಆ ಮಕ್ಕಳು ಮೊದಲ ವರ್ಷದಲ್ಲಿ ಏನನ್ನು, ಹೇಗೆ ಕಲಿಯುತ್ತಾರೆಂದು ವಿಚಾರಿಸುವ ತಂದೆತಾಯಿಗಳನ್ನು ನಾವು ಹೆಚ್ಚಾಗಿ ಕಂಡಿಲ್ಲ. ವಿದ್ಯಾರ್ಥಿಗಳನ್ನೇ ಕೇಳಿದರೆ ದೊರೆಯುವ ಉತ್ತರ ಒಂದೇ ಬಗೆಯದು: ಫಿಸಿಯಾಲಜಿ ಮೊದಲಾದ ವಿಷಯಗಳಲ್ಲಿ ಹೇಗಾದರೂ ಪಾಸಾಗಿಬಿಟ್ಟರೆ ಸಾಕು, ನಿಜವಾದ ವೈದ್ಯ ಆಮೇಲೆ ಪ್ರಾರಂಭವಾಗುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು.

ನಾವು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ. ಶರೀರಕ್ರಿಯಾಶಾಸ್ತ್ರದ ಒಳಮರ್ಮಗಳನ್ನು ವಿವರಿಸುವ ಅಧಿಕಾರ ನಮಗಿಲ್ಲ. ಆದರೆ ಆ ಶಾಸ್ತ್ರವನ್ನು ಕಲಿತವರ ಕೈಗೆ ನಾಳೆ ತಮ್ಮ ನಾಡಿಯನ್ನು ಒಪ್ಪಿಸಬೇಕಾದವರು ನಮ್ಮಂಥ ಜನರೇ ಆದುದರಿಂದ, ಅದನ್ನು ಹೇಗೆ ಕಲಿಸಲಾಗುತ್ತಿದೆ ಎಂದು ಕೇಳುವ ಹಕ್ಕು ನಮಗೆ ಇದ್ದೇ ಇದೆ.

ಕಾಲರಾದ ಚಿಕಿತ್ಸೆಯನ್ನೇ ನೋಡೋಣ. ಈ ರೋಗದಲ್ಲಿ ಮನುಷ್ಯನನ್ನು ಕೊಲ್ಲುವುದು ನೀರು ಮತ್ತು ಲವಣಗಳ ನಷ್ಟ. ರೋಗಾಣುವಿನ ವಿಷವು ಕರುಳಿನ ಜೀವಕೋಶಗಳಿಂದ ಲವಣವನ್ನು ಹೊರಕ್ಕೆ ಸುರಿಸುತ್ತದೆ. ಅದರ ಬೆನ್ನಿಗೆ ನೀರೂ ಹೋಗುತ್ತದೆ. ರಕ್ತನಾಳಕ್ಕೆ ಸಲೈನ್ ಏರಿಸುವುದೊಂದೇ ದಾರಿಯೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. 1953ರಲ್ಲಿಯೇ ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ ಸಂಗತಿಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಏಕೆ ಫಲಿಸಿತೆಂದು ಹೇಳುವ ಶಾಸ್ತ್ರ ಆಗ ಕೈಯಲ್ಲಿರಲಿಲ್ಲ. ಲೋಕವೂ ಅದರತ್ತ ಗಮನ ಕೊಡಲಿಲ್ಲ.

ಆ ಶಾಸ್ತ್ರ ಬಂದುದು ಬೇರೊಂದು ದಿಕ್ಕಿನಿಂದ. ಸಣ್ಣಕರುಳಿನ ಗೋಡೆಯನ್ನು ಸಕ್ಕರೆ ದಾಟುವ ಬಗೆಯನ್ನು ಅಭ್ಯಸಿಸುತ್ತಿದ್ದ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ, ಗ್ಲೂಕೋಸು ಸೋಡಿಯಮಿನ ಕೈಹಿಡಿದೇ ಒಳಗೆ ಹೋಗುತ್ತದೆಂಬ ವಿಚಾರವನ್ನು 1960ರಲ್ಲಿ ಪ್ರಾಗ್ ನಗರದ ಸಭೆಯಲ್ಲಿ ಮಂಡಿಸಿದನು. ಅವೆರಡೂ ಒಳಸೇರಿದರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಕಾಲರಾದ ವಿಷ ಎಷ್ಟೇ ಹಾವಳಿ ಮಾಡಿದರೂ ಈ ಒಂದು ಬಾಗಿಲನ್ನು ಮುಚ್ಚಲಾರದು. ಅದೇ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತೆಯ ವೈದ್ಯರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ದೃಢಪಡಿಸಿದರು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದಾಗ ಬನಗಾಂವ್ ಆಸ್ಪತ್ರೆಯ ನೆಲದ ಮೇಲೆಲ್ಲ ಕಾಲರಾ ರೋಗಿಗಳೇ ಮಲಗಿದ್ದರು. ಸಲೈನಿನ ದಾಸ್ತಾನು ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡವನ್ನು ಒಂದು ಲೀಟರು ನೀರಿಗೆ ಬೆರೆಸುವ ಲೆಕ್ಕದಲ್ಲಿ ಪಾನಕ ಸಿದ್ಧಪಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರವರೆಗೂ ಇದ್ದ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಆ ಮಹನೀಯರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ದೊರೆಯಿತು. ಬದುಕಿದ್ದಾಗಲೇ ದೊರೆಯಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ಅಳತೆಯ ಮಾತು ಹೋಟೆಲು ನಡೆಸಿದವರಿಗೆ ಬೇಗ ಅರ್ಥವಾಗುತ್ತದೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಗಿರಾಕಿ ಎದ್ದು ಹೋದಾನು; ಕೂಸಿನ ಬಾಟಲಿಯಲ್ಲಿ ಸಕ್ಕರೆ ಹೆಚ್ಚಾದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಬೆಳೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಹಳೆಯ ಅಳತೆಯನ್ನು ತಿದ್ದಿ, ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು ಎಂದು ಇಳಿಸಿದುದು ಶಾಸ್ತ್ರವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದುದರಿಂದ. ಹೀಗಿದ್ದೂ ಸಕ್ಕರೆ ತುಂಬಿದ ಬಾಟಲಿಗಳು 'ಓ.ಆರ್.ಎಸ್.' ಎಂಬ ಹೆಸರನ್ನು ಹಚ್ಚಿಕೊಂಡು ಔಷಧದಂಗಡಿಗಳಲ್ಲಿ ವರ್ಷಾನುಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಪಟ್ಟುಹಿಡಿದು ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಮೊದಲ ವರ್ಷದ ಪಾಠವನ್ನು ಮರೆಯದ ವೈದ್ಯರು ಸಮಾಜಕ್ಕೆ ಮಾಡಬಹುದಾದ ಉಪಕಾರವೆಂದರೆ ಇಂಥದು.

ಮರೆತವರನ್ನೂ ನಾವು ಕಂಡಿದ್ದೇವೆ. ನಮ್ಮ ಅಡಿಗೆಮನೆಯ ಹುಡುಗನೊಬ್ಬನನ್ನು ಒಮ್ಮೆ ಭೇದಿಗಾಗಿ ಸಮೀಪದ ದವಾಖಾನೆಗೆ ಕಳುಹಿಸಿದೆವು. ಹುಡುಗನಿಗೆ ವಾಂತಿಯಿರಲಿಲ್ಲ, ನೀರು ಕುಡಿಯುತ್ತಿದ್ದನು, ಎದ್ದು ಓಡಾಡುತ್ತಿದ್ದನು. ತರುಣ ಡಾಕ್ಟರು ಎರಡು ಬಾಟಲಿ ಸಲೈನ್ ಏರಿಸಿ, ಮೇಲೊಂದು ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಕುಡಿಯುವ ಪುಡಿ ಏಕೆ ಸಾಲದೆಂದು ವಿಚಾರಿಸಲು, "ಬಾಟಲಿ ಹಾಕದಿದ್ದರೆ ಪೇಷಂಟಿಗೆ ಸಮಾಧಾನವಾಗುವುದಿಲ್ಲ, ಅಣ್ಣಾ" ಎಂದರು. ಗ್ಲೂಕೋಸು ಮತ್ತು ಸೋಡಿಯಮಿನ ಪ್ರಶ್ನೆಗೆ ಅವರೂ ಪರೀಕ್ಷೆಯಲ್ಲಿ ಅಂದವಾದ ಚಿತ್ರ ಬರೆದು ಅಂಕ ಗಳಿಸಿಯೇ ಇದ್ದಿರಬೇಕು. ಆ ಚಿತ್ರಕ್ಕೂ ಎದುರಿಗಿದ್ದ ಹುಡುಗನಿಗೂ ಇರುವ ಸಂಬಂಧವನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲವೆಂದು ತೋರುತ್ತದೆ.

ದೋಷ ಆ ತರುಣರೊಬ್ಬರದೇ ಅಲ್ಲ. ಹಿಂದೆ ಹದಿನೆಂಟು ತಿಂಗಳಿದ್ದ ಈ ಪ್ರಾರಂಭದ ವ್ಯಾಸಂಗವನ್ನು 1997ರ ನಿಯಮಾವಳಿಯು ಹನ್ನೆರಡು ತಿಂಗಳಿಗೆ ಇಳಿಸಿತು. ಕಾಲ ಕಡಿಮೆಯಾಯಿತು, ಪುಸ್ತಕ ದಪ್ಪವಾಗುತ್ತ ಹೋಯಿತು. ಗೈಡುಗಳ ವ್ಯಾಪಾರ ಕುದುರಿದುದರಲ್ಲಿ ಆಶ್ಚರ್ಯವೇನು? 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮವು ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ಯಬೇಕೆಂದು ವಿಧಿಸಿರುವುದು ಸ್ತುತ್ಯವಾದ ಕ್ರಮ. ಆದರೆ ಮೂವತ್ತು ಹುಡುಗರು ಮಂಚದ ಸುತ್ತ ನಿಂತು ಹಾಜರಿ ಹಾಕಿಸಿಕೊಂಡು ಬಂದರೆ ಅದರಿಂದ ಆಗುವುದೇನು? ರೋಗಿ ಹೀಗೇಕೆ ಏದುಸಿರು ಬಿಡುತ್ತಿದ್ದಾನೆ, ಎದ್ದು ನಿಂತೊಡನೆ ಇವನ ರಕ್ತದೊತ್ತಡ ಏಕೆ ಇಳಿಯಿತು ಎಂಬ ಪ್ರಶ್ನೆಗಳು ಮೊದಲ ವರ್ಷದ ಉತ್ತರಪತ್ರಿಕೆಯಲ್ಲಿ ಬರಬೇಕು. ಕೊನೆಯ ವರ್ಷದ ವಾರ್ಡಿನಲ್ಲಿಯೂ ಅವೇ ಪ್ರಶ್ನೆಗಳು ಮತ್ತೆ ಬರಬೇಕು. ಪರೀಕ್ಷಕರು ಕೇಳದ ವಿಷಯವನ್ನು ವಿದ್ಯಾರ್ಥಿ ಓದುವನೆಂದು ನಿರೀಕ್ಷಿಸುವುದು ವ್ಯರ್ಥ.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಹೆಸರು ಮಾಡಿರುವ ನಮ್ಮವರೇ ಆದ ವೈದ್ಯರಲ್ಲಿ ನಮ್ಮದೊಂದು ಬಿನ್ನಹವಿದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಮೆಡಿಕಲ್ ಓದುವ ಮಕ್ಕಳಿಗೆ ಶಾಲು ಹೊದಿಸಿ ವಿದ್ಯಾರ್ಥಿವೇತನ ಕೊಡುತ್ತವೆ. ಅದು ನಡೆಯಲಿ. ಜೊತೆಗೆ, ತಿಂಗಳಿಗೊಂದು ಭಾನುವಾರ ಮೊದಲ ವರ್ಷದ ನಾಲ್ಕೈದು ಮಕ್ಕಳನ್ನು ತಮ್ಮ ದವಾಖಾನೆಗೆ ಕರೆಸಿ, ರೋಗಿಯ ಒಪ್ಪಿಗೆಯಿಂದ ಒಂದೇ ಒಂದು ರೋಗವನ್ನು ಬುಡದಿಂದ ವಿವರಿಸುವುದಕ್ಕೆ ಅವರು ಒಪ್ಪುವುದಾದರೆ, ಮಕ್ಕಳ ಹೆಸರುಗಳನ್ನು ಕೂಡಿಸಿಕೊಡುವ ಕೆಲಸವನ್ನು ಈ ಪತ್ರಿಕೆ ವಹಿಸಿಕೊಳ್ಳುತ್ತದೆ.