ಹೆಳವರ ಹೊತ್ತಿಗೆಯೂ ಕಂಪ್ಯೂಟರಿಗೆ ಬರಲಿ
ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣದ ಕಡ್ಡಾಯ ನೋಂದಣಿ ಶುರುವಾದದ್ದು 1855ರಲ್ಲಿ. ಪೂರ್ವಜರನ್ನು ಹುಡುಕುವವರು ಹಣ ಕಟ್ಟಿ ಆ ಹಳೆಯ ಪುಟಗಳನ್ನು ಸರ್ಕಾರಿ ಜಾಲತಾಣದಲ್ಲೇ ನೋಡುತ್ತಾರೆ. ಕವಿತಾಳದ ನಾವು 371(ಜೆ) ಪ್ರಮಾಣಪತ್ರಕ್ಕೆ ಅಲೆದರೂ ದಾಖಲೆ ಅಪ್ಪ-ಅವ್ವನ ಹತ್ತಿರವೇ ನಿಲ್ಲುತ್ತದೆ. ಮುತ್ತಜ್ಜನ ಹೆಸರು ಕೇಳುವವರಿಲ್ಲ. ಅದನ್ನು ಬರೆದಿಟ್ಟವರು ಉತ್ತರ ಕರ್ನಾಟಕದ ಹೆಳವರು. ಎತ್ತಿನ ಮೇಲೆ ಬಂದು, ಮನೆ ಮುಂದೆ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಅವರ ಮಕ್ಕಳೂ ನಮ್ಮ ಹಾಗೆ ಕಾಲೇಜು, ನೌಕರಿ ಅಂತ ಹೊರಟರೆ ತಪ್ಪೇನಿಲ್ಲ. ಆದರೆ ಆ ಹೊತ್ತಿಗೆಗಳ ಗತಿ? ಹೊಲದ ಪಹಣಿ ‘ಭೂಮಿ’ ಯೋಜನೆಯಲ್ಲಿ ಎರಡು ದಶಕದ ಹಿಂದೆಯೇ ಕಂಪ್ಯೂಟರಿಗೆ ಬಂತು. ರಾಯಚೂರಿನಲ್ಲೇ ಈಗ ವಿಶ್ವವಿದ್ಯಾಲಯವಿದೆ. ಹೆಳವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಸ್ಕ್ಯಾನ್ ಮಾಡಿಸಬಹುದು. ಬಿಟ್ಟಿಯಾಗಿ ಹಂಚುವುದು ಬೇಡ, ವಂಶ ಹೇಳುವುದು ಅವರ ಹೊಟ್ಟೆಪಾಡು. ಸ್ಕಾಟ್ಲೆಂಡಿನ ಸರ್ಕಾರವೇ ದುಡ್ಡು ಕೇಳುವಾಗ ಹೆಳವರು ಕೇಳಿದರೇನು?