ಬೆಟ್ಟಕ್ಕೆ ಹೊಸಬರು

ಹಿಮದ ಮೇಲೆ ಜಾರುವ ಆಟ ಜಪಾನಿನಲ್ಲಿ ಹುಟ್ಟಿದ್ದಲ್ಲ. 1911ರ ಜನವರಿಯಲ್ಲಿ ಥಿಯೋಡೋರ್ ಫಾನ್ ಲೆರ್ಖ್ ಎಂಬ ಆಸ್ಟ್ರಿಯಾದ ಸೇನಾಧಿಕಾರಿ ನಿಗಾಟಾ ಪ್ರಾಂತದ ತಕಾದಾದಲ್ಲಿ ಜಪಾನೀ ಸೈನಿಕರ ಕಾಲಿಗೆ ಹಲಗೆ ಕಟ್ಟಿಸಿ ಸ್ಕೀಯಿಂಗ್ ಹೇಳಿಕೊಟ್ಟ. 1998ರಲ್ಲಿ ಪಕ್ಕದ ನಗಾನೋದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿತು. ಈಗ ಆ ಬೆಟ್ಟಗಳಿಗೆ ದೇಶದೇಶಗಳ ಹೊಸಬರು ಹೋಗುತ್ತಾರೆ. ಹಗಲು ಬಿದ್ದು ಎದ್ದು, ರಾತ್ರಿ ಬಿಸಿನೀರಿನ ಚಿಲುಮೆಯಲ್ಲಿ ಮೈನೋವು ಕಳೆದು, ಆ ಊರಿನ ಊಟ ಉಂಡು ಬರುತ್ತಾರೆ. ಕೋಲಾರದವರಿಗೆ ಜಪಾನ್ ತೀರ ದೂರದ ಹೆಸರಲ್ಲ. ನರಸಾಪುರದ ಹೋಂಡಾ ಕಾರ್ಖಾನೆ 2013ರಿಂದಲೂ ಇಲ್ಲೇ ಇದೆ. ಆದರೆ ಜಪಾನಿನ ಬೆಟ್ಟದೂರುಗಳು ಹೊಸಬರನ್ನು ನಡೆಸಿಕೊಳ್ಳುವ ರೀತಿಯಿಂದ ನಾವು ಕಲಿಯಬೇಕಾದ್ದು ಇನ್ನೂ ಬಾಕಿಯಿದೆ.

ಸ್ನೋಬೋರ್ಡಿನಲ್ಲಿ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಅಡ್ಡಲಾಗಿ ನಿಂತು ಇಳಿಜಾರಿಗೆ ಮೈ ಒಡ್ಡಬೇಕು. ಮೊದಲ ದಿನವೆಲ್ಲ ಬೀಳುವುದೇ ಪಾಠ. ಅಂಗೈ ಊರಿ ಬಿದ್ದರೆ ಮಣಿಕಟ್ಟು ಮುರಿದೀತು, ಅದಕ್ಕೇ ಮುಷ್ಟಿ ಕಟ್ಟಿ ಮೊಣಕೈವರೆಗಿನ ತೋಳಿನ ಮೇಲೆ ಬೀಳುವುದನ್ನು ಕಲಿಸುತ್ತಾರೆ. ಇಳಿಜಾರು ಕಂಡು ಎದೆ ನಡುಗಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದೊಡನೆ ಹಲಗೆಯ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ. ಭಾರವನ್ನು ಮುಂದಿನ ಕಾಲಿಗೆ, ಎಂದರೆ ಭಯ ಇರುವ ಕಡೆಗೇ, ಕೊಟ್ಟಾಗ ಮಾತ್ರ ಹಲಗೆ ಹೇಳಿದ ಮಾತು ಕೇಳುತ್ತದೆ.

ನಮ್ಮಲ್ಲಿ ಹಿಮವಿಲ್ಲ, ಬಂಡೆಯಿದೆ. ಕೋಲಾರ ಪಟ್ಟಣದ ಬೆನ್ನಿಗಿರುವ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಸುರಿಯುವ ನೀರಿಗೆ ತಲೆಯೊಡ್ಡಿ, ದೇವಸ್ಥಾನ ದಾಟಿದರೆ ಮುಂದೆಲ್ಲ ಬಂಡೆಗಳದೇ ರಾಜ್ಯ. ಸುಮಾರು 250 ಕೋಟಿ ವರ್ಷದ ಕಲ್ಲು ಅದು. ನೆಲದೊಳಗೆ ಇದ್ದಾಗಲೇ ಬಿರುಕುಗಳಿಗೆ ನೀರಿಳಿದು, ಮೂಲೆಗಳು ಸವೆದು, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳಾಗಿ ಉಳಿದಿದೆ. ಜನ ಗುಹೆ ಎನ್ನುವ ಜಾಗಗಳು ಯಾರೂ ಕೊರೆದದ್ದಲ್ಲ, ಒಂದರ ಮೇಲೊಂದು ಕೂತ ಈ ಗುಂಡುಗಳ ನಡುವಿನ ಸಂದಿಗಳು. ಬೆಂಗಳೂರಿನಿಂದ ವಾರದ ಕೊನೆಗೆ ಬರುವ ಹುಡುಗ ಹುಡುಗಿಯರು ಟಾರ್ಚ್ ಹಿಡಿದು ಅಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾರೆ.

ಬಂಡೆ ಏರುವಾಗ ಭಯ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಹೊಸಬರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದಷ್ಟೂ ಪಾದದ ಮೇಲಿನ ಒತ್ತಡ ತಪ್ಪಿ ಕಾಲು ಜಾರುತ್ತದೆ. ಸೊಂಟವನ್ನು ಕಲ್ಲಿನಿಂದ ದೂರವಿಟ್ಟು, ನೆಟ್ಟಗೆ ನಿಂತು, ಪೂರ್ತಿ ಭಾರವನ್ನು ಪಾದಕ್ಕೆ ಬಿಟ್ಟರೆ ಕಲ್ಲಿನ ಒರಟು ಮೈಯೇ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಬೆಟ್ಟದ ಮೇಲಿನ ತೇರಹಳ್ಳಿಯ ಕಡೆ ಮೇಕೆ ಹಿಂದೆ ಹವಾಯಿ ಚಪ್ಪಲಿಯಲ್ಲಿ ನಡೆಯುವವರನ್ನು ನೋಡಿ, ಅವರ ಬೆನ್ನು ಬಾಗುವುದೇ ಇಲ್ಲ. ಮಳೆಯಲ್ಲಿ ನೆನೆದ ಬಂಡೆಯ ಮಾತು ಬೇರೆ, ಅದಕ್ಕೆ ಅವರೂ ಕಾಲಿಡುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟಕ್ಕೂ ಇದೇ ನಡಿಗೆ ಬೇಕು. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿ, ಮೇಲೆ ಸೀತೆಯ ಗುಡಿ, ಲವಕುಶರು ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ. ಭಕ್ತಿಗೆ ಹತ್ತುವವರ ಕಾಲು ಆ ಕಲ್ಲನ್ನು ಎಷ್ಟೋ ತಲೆಮಾರಿನಿಂದ ಬಲ್ಲದು.

ಇನ್ನು ಊಟ. ಸೈಬೀರಿಯಾದ ಒಣಗಾಳಿ ಜಪಾನ್ ಸಮುದ್ರದ ಮೇಲೆ ಹಾಯುತ್ತ ತೇವ ಹೀರಿ, ಹೊನ್‌ಶು ದ್ವೀಪದ ಬೆಟ್ಟಗಳಿಗೆ ಬಡಿದು ಹಿಮವಾಗಿ ಸುರಿಯುತ್ತದೆ. ಭತ್ತ ಸರಿಯಾಗಿ ಬಾರದ ಆ ಎತ್ತರದಲ್ಲಿ ಜನ ನೆಚ್ಚಿದ್ದು ಬಕ್‌ವೀಟನ್ನು, ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟುವನ್ನು. ಚೀನಾದ ಕಡೆಯಿಂದ ಬಂದ ಆ ಬೆಳೆ ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಅದರ ಶ್ಯಾವಿಗೆಯೇ ನಗಾನೋದ ಹೆಸರಾಂತ ಸೋಬಾ. ನೊಜಾವಾ ಎಂಬ ಬಿಸಿನೀರಿನ ಊರಿನಲ್ಲಿ ಉಪ್ಪಿನಲ್ಲಿ ಹಾಕಿಡುವ ಸೊಪ್ಪಿನ ಕಥೆ ಇನ್ನೂ ಚೆಂದ. 18ನೇ ಶತಮಾನದಲ್ಲಿ ಅಲ್ಲಿನ ಒಬ್ಬ ಬೌದ್ಧ ಅರ್ಚಕರು ಒಸಾಕಾ ಕಡೆಯ ಗೆಡ್ಡೆಯ ಬೀಜ ತಂದು ಬಿತ್ತಿದರಂತೆ. ಬೆಟ್ಟದ ಚಳಿಗೆ ಗೆಡ್ಡೆ ಸಣ್ಣದಾಗಿ, ಎಲೆ ಮಾತ್ರ ಉದ್ದುದ್ದ ಬೆಳೆಯಿತಂತೆ. ಜನ ಎಲೆಯನ್ನೇ ಊಟ ಮಾಡಿಕೊಂಡರು. ಅದೇ ಸೊಪ್ಪನ್ನು ಹಿಟ್ಟಿನ ಉಂಡೆಯೊಳಗೆ ತುಂಬಿ, ನಮ್ಮ ಕಡುಬಿನ ಹಾಗೆ ಮುಚ್ಚಿ ಸುಟ್ಟರೆ ಓಯಾಕಿ.

ನಮ್ಮ ರಾಗಿಯೂ ಹೀಗೇ ಬಂದ ಹೊಸಬ. ಅದರ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ಈ ಕೆಂಪು ಮಣ್ಣಿಗೆ ಬಂದು ಅದು ಎಷ್ಟು ಒಗ್ಗಿತೆಂದರೆ, ರಾಗಿಯಿಲ್ಲದ ಮಾಲೂರು, ಶ್ರೀನಿವಾಸಪುರಗಳನ್ನು ಊಹಿಸಲಾಗದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕದ ರಾಗಿಯನ್ನು ಮತ್ತೆ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ರೈತರ ಕಣಜ ತುಂಬಿತು. ಅವರನ್ನು ನಾವು ಇನ್ನಷ್ಟು ನೆನೆಯಬೇಕು.

ಮುದ್ದೆ ತಿರುವುವುದನ್ನು ಹತ್ತಿರ ಕೂತು ನೋಡಬೇಕು. ಕುದಿಯುವ ಎಸರಿಗೆ ಹಿಟ್ಟು ಸುರಿದು ಕಲಕದೆ ಬಿಡುತ್ತಾರೆ, ರಾಶಿಯ ನಡುವೆ ಕೋಲಿನಿಂದ ಒಂದು ತೂತು ಅಷ್ಟೇ. ಎಸರು ಆ ತೂತಿನಿಂದ ಉಕ್ಕಿ ಉಕ್ಕಿ ಹಿಟ್ಟನ್ನು ಬೇಯಿಸುತ್ತದೆ. ಆಮೇಲೆ ಪಾತ್ರೆಯನ್ನು ಅದುಮಿ ಹಿಡಿದು, ಮೈಯೆಲ್ಲ ಬಲ ಹಾಕಿ ಗಂಟಿಲ್ಲದಂತೆ ತಿರುವಿ, ಒದ್ದೆ ಕೈಯಲ್ಲಿ ಕಟ್ಟುತ್ತಾರೆ. ಜತೆಗೆ ಹೊಲದ ಬದುವಿನಲ್ಲಿ ಕಿತ್ತ ಬೆರಕೆ ಸೊಪ್ಪಿನ ಬಸ್ಸಾರು. ಹೊಸಬರು ಮುದ್ದೆಯನ್ನು ಅಗಿಯಲು ಹೋಗುತ್ತಾರೆ, ಅದು ಹಲ್ಲಿಗೆ ಮೆತ್ತುತ್ತದೆ. "ಅಗೀಬೇಡಪ್ಪ, ಸಾರಲ್ಲಿ ಅದ್ದಿ ನುಂಗ್ಬಿಡು" ಎಂದು ಬಡಿಸುವ ತಾಯಿ ಹೇಳಿದ ಮೇಲೆ ಎರಡನೇ ತುತ್ತು ಸಲೀಸು. ಜಪಾನಿನಲ್ಲಿ ಸೋಬಾವನ್ನು ಸದ್ದು ಮಾಡಿ ಹೀರಬೇಕು, ಇಲ್ಲಿ ಮುದ್ದೆಯನ್ನು ನುಂಗಬೇಕು. ಇಳಿಜಾರಿನಲ್ಲಿ ನಿಲ್ಲುವುದನ್ನು ಕಲಿಸಿದ ಊರೇ ಉಣ್ಣುವುದನ್ನೂ ಕಲಿಸಿದಾಗ ಬೆಟ್ಟ ನೋಡಿದ್ದು ಪೂರ್ತಿಯಾಗುತ್ತದೆ.

ನನ್ನ ಸಂಕಟ ಇರುವುದು ಇಲ್ಲೇ. ಅಂತರಗಂಗೆಯಿಂದ ಇಳಿದು ಬಂದ ಹೊಸಬನ ಕೈಗೆ ಸಿಗುವುದು ಹೆಚ್ಚಾಗಿ ಚಿಪ್ಸ್ ಪೊಟ್ಟಣ, ದಿಢೀರ್ ನೂಡಲ್ಸ್. ಅವನು ನಡೆದ ನೆಲದಲ್ಲಿ ಬೆಳೆದ ಒಂದು ತುತ್ತೂ ಅವನ ಬಾಯಿಗೆ ಹೋಗದೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಮುಳಬಾಗಿಲು ದೋಸೆಯೇನೋ ತನ್ನ ಹೆಸರು ತಾನೇ ಉಳಿಸಿಕೊಂಡಿತು, ಶ್ರೀನಿವಾಸಪುರದ ಮಾವಿಗೂ ಪೇಟೆಯಿದೆ. ಮುದ್ದೆ ಬಸ್ಸಾರಿಗೆ ಮಾತ್ರ ಬೆಟ್ಟದ ಬುಡದಲ್ಲಿ ಜಾಗವಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು, ಸಮಾವೇಶಗಳಾದವು, ಬುಡದ ಅಂಗಡಿ ಬದಲಾಗಲಿಲ್ಲ.

ಬಂಡೆ ಕಾಯದೆ ಹತ್ತಲು ಸಿಗುವುದು ಡಿಸೆಂಬರ್, ಜನವರಿ. ಅವರೆಕಾಯಿ ಬರುವುದೂ ಆಗಲೇ, ಮನೆಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯುವ ಕಾಲ. ಕೋಲಾರ, ಮುಳಬಾಗಿಲಿನ ಪಂಚಾಯಿತಿಗಳು ಅಷ್ಟರೊಳಗೆ ಸ್ತ್ರೀಶಕ್ತಿ ಸಂಘಗಳ ಜತೆ ಕೂತು ಮಾತಾಡಲಿ. ಜಾಗ, ಕುಡಿಯುವ ನೀರು, ಎಲೆ ಎತ್ತುವ ವ್ಯವಸ್ಥೆ ಪಂಚಾಯಿತಿಯದಾಗಲಿ. ತಿರುವಿ ಬಡಿಸಬಲ್ಲವರು ಆಯಾ ಹಳ್ಳಿಯಲ್ಲೇ ಇದ್ದಾರೆ.